ಮೂರನೇ ಸೀಟಿನ ಪಿನ್ನು

ಸೆಪ್ಟೆಂಬರ್ 30, ಮಂಗಳವಾರ

ಫ್ಯಾಕ್ಟರಿಯಲ್ಲಿ ಆಯುಧಪೂಜೆ. ನಾಳೆ, ನಾಡಿದ್ದು ರಜೆ. ಆದ್ದರಿಂದ ಇವತ್ತೇ ಮುಗಿಸಿದರು. ಹನ್ನೆರಡಕ್ಕೆ ಎಲ್ಲ ನಿಲ್ಲಿಸಿ ಒರೆಸಿದ್ದಾಯಿತು. ಲೇತುಗಳಿಗೆ ಬಾಳೆಕಂದು, ಓವನ್ನಿನ ಬಾಗಿಲಿಗೆ ಚೆಂಡುಹೂವಿನ ಹಾರ, ನನ್ನ ಮೈಕ್ರೋಮೀಟರುಗಳಿಗೆ ಸಾಲಾಗಿ ಕುಂಕುಮ. ಅಳೆಯುವ ಮುಖಕ್ಕೆ ತಾಗಿಸಬೇಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ರಜೆ ಮುಗಿದ ಮೇಲೆ ಕೂತು ಸ್ಪಿರಿಟ್ಟಿನಲ್ಲಿ ಒರೆಸುತ್ತೇನೆ. ಮೂವತ್ತೊಂದು ವರ್ಷದಿಂದ ತಪ್ಪು ಹುಡುಕುವುದು ನನ್ನ ಕೆಲಸ. ನನ್ನ ಸಹಿಯಿಲ್ಲದೆ ಇಲ್ಲಿಂದ ಒಂದು ಸ್ಕ್ರೂ ಕೂಡ ಹೊರಗೆ ಹೋಗುವುದಿಲ್ಲ.

ಪೂಜೆ ಮಾಡಿದ್ದು ಗಂಗರತ್ನಮ್ಮನವರು. ಮಾಲೀಕ ಅಂಬರೀಶನ ತಾಯಿ, ಎಂಬತ್ತೆರಡು. ಅವರದೊಂದು ಕಟ್ಟಳೆ: ಕುಂಕುಮ ಇಟ್ಟ ಯಂತ್ರವನ್ನು ರಜೆ ಮುಗಿಯುವ ತನಕ ಯಾರೂ ಮುಟ್ಟಕೂಡದು. "ವರ್ಷವೆಲ್ಲಾ ದುಡಿದೈತೆ, ಎರಡ್ ದಿನ ಮಲಿಕ್ಕಳ್ಳಿ" ಅನ್ನುತ್ತಾರೆ.

ಎರಡು ಗಂಟೆಗೆ, ಆರತಿಯ ನಡುವೆ, ಪ್ಲೇಟಿಂಗ್ ಶೆಡ್ಡಿನಿಂದ ಹದಿನೇಳನೇ ಬ್ಯಾಚಿನ ಟ್ರೇ ಬಂತು. ಬೆಳಿಗ್ಗೆ ಬರಬೇಕಿತ್ತು. ಐವತ್ತು ಪಿನ್ನು, ಒಂದೊಂದೂ ಬೆರಳುದ್ದ. ಹೊರದೇಶದ ಒಂದು ಕಂಪನಿ ಹಣ ಕೊಟ್ಟವರನ್ನು ರಾಕೆಟ್ಟಿನಲ್ಲಿ ಆಕಾಶದ ಅಂಚಿಗೆ ಒಯ್ದು, ನಾಲ್ಕು ನಿಮಿಷ ತೇಲಲು ಬಿಟ್ಟು, ಹನ್ನೊಂದನೇ ನಿಮಿಷಕ್ಕೆ ವಾಪಸು ನೆಲಕ್ಕೆ ತಂದಿಳಿಸುತ್ತದೆ. ಅವರು ಕೂರುವ ಸೀಟನ್ನು ಕ್ಯಾಬಿನ್ನಿಗೆ ಹಿಡಿದಿಡುವುದು ಈ ಪಿನ್ನು. ಸೀಟಿಗೆ ನಾಲ್ಕು.

ನನ್ನ ಕೈಕೆಳಗಿನ ಇನ್‌ಸ್ಪೆಕ್ಟರ್ ಮೇಘಶ್ರೀ ಟ್ರೇ ಹಿಡಿದು ಜನರ ನಡುವೆ ನುಸುಳಿ ಬಂದಳು.

"ಸಾರ್, ಪ್ಲೇಟಿಂಗ್ ಆಗಿ ನಾಲ್ಕ್ ಗಂಟೆ ಒಳಗೆ ಬೇಕಿಂಗ್‌ಗೆ ಹೋಗ್ಬೇಕು. ಓವನ್ ಆನ್ ಮಾಡ್ಸಲಾ?"

ಗಂಗರತ್ನಮ್ಮ ಆ ಓವನ್ನಿನ ಮುಂದೆಯೇ ತೆಂಗಿನಕಾಯಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

"ಇರಲಿ ಬಿಡಮ್ಮ. ಪೂಜೆ ಆಗಿದೆ" ಎಂದೆ.

"ಸಾರ್, ಹೈಡ್ರೋಜನ್ ಒಳಗೇ ಉಳ್ಕೊಂಬಿಡುತ್ತೆ..."

"ಶುಕ್ರವಾರ ನೋಡೋಣ."

ಎರಡು ಸಲ ಕೇಳಿದಳು. ಎರಡು ಸಲವೂ ನಾನೇ ಬೇಡವೆಂದೆ. ಆಮೇಲೆ ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ಹೊರಡುವಾಗ ನೋಡಿದರೆ ಪಿನ್ನಿನ ಟ್ರೇಗೂ ಯಾರೋ ಒಂದು ಹೂವು ಇಟ್ಟಿದ್ದರು.

ಅಕ್ಟೋಬರ್ 3, ಶುಕ್ರವಾರ

ಓವನ್ ಬಿಸಿಯೇರುತ್ತಿದ್ದಂತೆ ಬಾಗಿಲಲ್ಲಿದ್ದ ಹಾರ ಸುಟ್ಟ ವಾಸನೆ ಬಂತು. ಆಪರೇಟರ್ ವೆಂಕಿ ಕಿತ್ತುಹಾಕಿದ.

ಮರೆಯದಿರಲೆಂದು ಬರೆದುಕೊಳ್ಳುತ್ತೇನೆ. ಲೋಹದ ಲೇಪ ಕೊಡುವ ಪ್ಲೇಟಿಂಗ್ ತೊಟ್ಟಿಯಲ್ಲಿ ಉಕ್ಕಿನೊಳಕ್ಕೆ ಹೈಡ್ರೋಜನ್ ಹೋಗಿ ಕೂರುತ್ತದೆ. ನಾಲ್ಕು ಗಂಟೆಯೊಳಗೆ ಬಿಸಿಗಿಟ್ಟು, ನೂರ ತೊಂಬತ್ತು ಡಿಗ್ರಿಯಲ್ಲಿ ಇಪ್ಪತ್ತಮೂರು ಗಂಟೆ ಬೇಯಿಸಿದರೆ ಹೊರಟುಹೋಗುತ್ತದೆ. ತಡವಾದರೆ ಅದು ಒಳಗೇ ಸರಿದಾಡಿ, ಎಲ್ಲಿ ಬಿಗಿತವಿದೆಯೋ ಅಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಆದದ್ದು ಆದಂತೆ. ಹೊರಗೆ ಏನೂ ಕಾಣದು. ಅಳತೆ ಸರಿ, ಗಡಸು ಸರಿ, ಹೊಳಪು ಸರಿ. ಒಂದು ದಿನ ಭಾರ ಹೊತ್ತು ಸುಮ್ಮನೆ ನಿಂತಿರುವಾಗ, ಯಾರೂ ಏನೂ ಮಾಡದೆ, ಮುರಿಯುತ್ತದೆ. ನಿಯಮದ ಪ್ರಕಾರ ಐವತ್ತನ್ನೂ ಗುಜರಿಗೆ ಹಾಕಬೇಕು. ಅವನ್ನು ಮಾಡಲು ಮೂರು ತಿಂಗಳು ಹಿಡಿದಿದೆ. ಸೋಮವಾರ ವಿಮಾನಕ್ಕೆ ಹೋಗಬೇಕು.

ಓವನ್ನಿನ ಚಾರ್ಟು ಹಳೆಯ ಕಾಲದ ಗುಂಡು ಕಾಗದ. ಶಾಖದ ಗೆರೆಯನ್ನು ಅದೇ ಎಳೆದುಕೊಳ್ಳುತ್ತದೆ. ತಾರೀಖು, ಹೊತ್ತು ನಾವು ಪೆನ್ನಿನಲ್ಲಿ ಬರೆಯಬೇಕು.

"ಯಾವ ತಾರೀಖು ಹಾಕ್ಲಿ ಸಾರ್?" ಮೇಘಶ್ರೀ ಕೇಳಿದಳು.

"ಮೂವತ್ತು. ಸಂಜೆ ನಾಲ್ಕೂವರೆ."

ಅವಳು ಪೆನ್ನನ್ನು ಕಾಗದದ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟಳು. ನೀಲಿ ಚುಕ್ಕೆ ಹರಡಿತು. ಆಮೇಲೆ ಬರೆದಳು. ತಪ್ಪು ನನ್ನದು. ಇದನ್ನು ಸೋಮವಾರದೊಳಗೆ ಅಂಬರೀಶನಿಗೆ ಹೇಳಬೇಕು.

ಅಕ್ಟೋಬರ್ 6, ಸೋಮವಾರ

ನಲವತ್ತೆಂಟು ಪಿನ್ನು ಹೋದವು. ಎರಡು ಮಾದರಿಗೆಂದು ಇಲ್ಲಿ ಉಳಿದವು. ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಸಹಿ ಯಾವಾಗಿನಂತೆಯೇ ಬಂತು.

ನವೆಂಬರ್ 11, ಮಂಗಳವಾರ

ಸಾನಮಾವು ಕಾಡಿಗೆ ಆನೆಗಳು ಬಂದಿವೆಯಂತೆ. ರಾಯಕೋಟೆ ರಸ್ತೆಯ ಕಡೆಯಿಂದ ಬರುವ ಕೆಲಸಗಾರರು ಅರ್ಧಕ್ಕರ್ಧ ತಡವಾಗಿ ಬಂದರು. ಅವರೆಲ್ಲ ಬರುವ ತನಕ ಕಾದು, ಅಂಬರೀಶ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿದ.

ಅವನೂ ನಾನೂ ಹೊಸೂರಿನ ಒಂದೇ ಶಾಲೆಯ ಒಂದೇ ಬೆಂಚು. ಅವನ ಲೆಕ್ಕಗಳನ್ನು ನಾನು ಮಾಡಿಕೊಡುತ್ತಿದ್ದೆ, ಇವತ್ತಿಗೂ ಮಾಡಿಕೊಡುತ್ತಿದ್ದೇನೆ. ಈಗ ನೂರ ಹದಿನೆಂಟು ಕಿಲೋ. ಎರಡೂ ಮಂಡಿ ಸವೆದಿವೆ. ಮೇಜು ಹಿಡಿದುಕೊಂಡು ಎದ್ದು ನಿಂತ.

"ಎಲ್ರೂ ಕೇಳ್ರಪ್ಪಾ. ನಾನು ಮ್ಯಾಕ್ ಹೋಗ್ತಾ ಇವ್ನಿ" ಎಂದು ಬೆರಳು ಮೇಲೆ ತೋರಿಸಿದ.

"ಅಯ್ಯೋ ಸಾರ್, ಅಷ್ಟ್ ಬೇಗ ಯಾಕೆ? ಮೊಮ್ಮಕ್ಳನ್ನಾದ್ರೂ ನೋಡ್ಕಂಡ್ ಹೋಗಿ" ಎಂದ ವೆಂಕಿ. ಕ್ಯಾಂಟೀನೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಂಬರೀಶನೇ ನಕ್ಕ.

ಆ ರಾಕೆಟ್ಟಿನ ಫೆಬ್ರವರಿ ಹಾರಾಟಕ್ಕೆ ಅವನು ಸೀಟು ಕೊಂಡಿದ್ದಾನೆ. ಅಷ್ಟರಲ್ಲಿ ನೂರು ಕಿಲೋಗೆ ಇಳಿಯಬೇಕು.

"ಹೊಸಾ ಸೀಟು ಆರಕ್ ಆರೂ ನಮ್ ಪಿನ್ನಲ್ಲೇ ನಿಂತವೆ. ಹದಿನೇಳನೇ ಬ್ಯಾಚು. ನಂದು ಮೂರ್ನೇ ಸೀಟು. ಯಾಕ್ಲಾ ರಘು ಹಂಗ್ ನೋಡ್ತೀಯ? ಸಹಿ ನಿಂದೇ ಅಲ್ವೇನ್ಲಾ?"

"ನಂದೇ" ಎಂದೆ.

ನವೆಂಬರ್ 13, ಗುರುವಾರ

ಹೇಳಬೇಕಾದ ಮಾತನ್ನು ನಾಲ್ಕು ವಾಕ್ಯಗಳಲ್ಲಿ ಸಿದ್ಧಮಾಡಿಕೊಂಡು ಅಂಬರೀಶನ ಕೋಣೆಗೆ ಹೋದೆ. ಅವನು ಮಂಡಿಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದ. ಎರಡು ಮೂಳೆಗಳ ನಡುವೆ ಜಾಗವೇ ಇರಲಿಲ್ಲ. "ನಾಲ್ಕ್ ನಿಮಿಷ ಇವಕ್ಕೆ ರಜ ಕೊಡ್ತೀನಿ ಕಣ್ಲಾ" ಎಂದ. ಕಾಫಿ ಕುಡಿದು ಬಂದೆ. ಮೂರು ದಿನದಿಂದ ಊಟ ಸೇರುತ್ತಿಲ್ಲ.

ನವೆಂಬರ್ 27, ಗುರುವಾರ

ಅಂಬರೀಶನಿಗೆ ಭೌತಶಾಸ್ತ್ರ ಬೇಕಾಗಿದೆ. ಊಟದ ಬಿಡುವಿನಲ್ಲಿ ಬಂದು ಎದುರಿಗೆ ಕೂತ.

"ಅಲ್ಲಿ ಭೂಮಿ ಎಳ್ಯೋದು ಇರಲ್ಲ, ಅದ್ಕೇ ತೇಲ್ತೀವಿ. ಹೌದಾ?"

"ಇಲ್ಲ. ನೂರು ಕಿಲೋಮೀಟರ್ ಮೇಲೆ ಹೋದರೂ ಸೆಳೆತ ನೂರಕ್ಕೆ ಮೂರರಷ್ಟು ಕಡಿಮೆ, ಅಷ್ಟೆ. ನಿನ್ನ ತೂಕ ಮೂರೂವರೆ ಕಿಲೋ ಇಳಿದೀತು."

"ಮತ್ತೆ ತೇಲೋದು?"

"ತೇಲುವುದಿಲ್ಲ. ಬೀಳ್ತಾ ಇರ್ತೀಯ. ನೀನೂ ಬೀಳ್ತೀಯ, ಕೂತ ಸೀಟೂ ಬೀಳುತ್ತೆ, ಸುತ್ತಲಿನ ಕ್ಯಾಬಿನ್ನೂ ಬೀಳುತ್ತೆ. ಎಲ್ಲ ಒಂದೇ ವೇಗದಲ್ಲಿ. ಯಾವುದೂ ಯಾವುದನ್ನೂ ಒತ್ತುವುದಿಲ್ಲ. ತೂಕ ಅಂದರೆ ನೆಲ ನಮ್ಮನ್ನು ತಿರುಗಿ ತಳ್ಳುವುದು. ತಳ್ಳುವವರು ಇಲ್ಲದಿದ್ದರೆ ತೂಕವಿಲ್ಲ."

ಅವನು ನಂಬಲಿಲ್ಲ. ಪ್ಲಾಸ್ಟಿಕ್ ಬಾಟಲಿಯ ಬುಡಕ್ಕೆ ತೂತು ಮಾಡಿಸಿ ನೀರು ತುಂಬಿಸಿದೆ. ನೀರು ಸಣ್ಣಗೆ ಚಿಮ್ಮುತ್ತಿತ್ತು. ಮೇಘಶ್ರೀ ಅದನ್ನು ಕ್ಯಾಂಟೀನಿನ ತಾರಸಿಗೆ ಒಯ್ದು ಕೈಬಿಟ್ಟಳು. ಬೀಳುವಷ್ಟು ಹೊತ್ತು ತೂತಿನಿಂದ ಒಂದು ಹನಿಯೂ ಹೊರಬರಲಿಲ್ಲ. ನೆಲ ತಾಗಿ ಒಡೆಯಿತು.

"ಇನ್ನೊಂದ್ ಸಲ!" ಎಂದು ಚಪ್ಪಾಳೆ ತಟ್ಟಿದ ಅಂಬರೀಶ. ಏಳು ಬಾಟಲಿ ಒಡೆದವು. ಐವತ್ತೆಂಟು ವಯಸ್ಸಿನವನ ಪ್ಯಾಂಟು ಮಂಡಿಯ ತನಕ ಒದ್ದೆ.

"ಅಂದ್ರೆ ಇಳಿಯೋವಾಗ್ಲೇ ತೂಕ ಇರಲ್ವಾ?"

"ಹತ್ತುವಾಗಲೂ. ಎಂಜಿನ್ ನಿಂತ ಗಳಿಗೆಯಿಂದ ನೀನು ಎಸೆದ ಕಲ್ಲು. ಮೇಲೆ ಹೋಗುತ್ತಿದ್ದರೂ ಬೀಳಲು ತೊಡಗಿರುತ್ತೀಯ. ಗೊತ್ತಾಗುವುದಿಲ್ಲ. ಗಾಳಿ ಮತ್ತೆ ಸಿಕ್ಕಾಗ ಐದು ಪಟ್ಟು ಒತ್ತುತ್ತದೆ."

"ನೂರ್ ಕಿಲೋ ಐನೂರ್ ಆಗೋಯ್ತದಾ! ಅರ್ಧ ಟನ್! ಪಿನ್ ತಡ್ಕತದೇನ್ಲಾ?"

ಮೇಘಶ್ರೀ ತಾರಸಿಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳು ಪೂಜೆಯ ದಿನ ಒಮ್ಮೆ ಕೇಳಿದ್ದಳು, ಗದ್ದಲದ ನಡುವೆ. ನಾನು ಏನೋ ಅಂದಿದ್ದೆ.

"ಅದರ ಎರಡು ಪಟ್ಟು ತಡೆಯುವಂತೆ ಮಾಡಿರುತ್ತಾರೆ" ಎಂದೆ. ಇದು ಸುಳ್ಳಲ್ಲ.

ಡಿಸೆಂಬರ್ 21, ಭಾನುವಾರ

ಅಂಬರೀಶನಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ. ರಾಯಕೋಟೆ ಬೆಟ್ಟ ಹತ್ತುತ್ತೇನೆ, ಜೊತೆಗೆ ಬಾ ಎಂದ. ಮಂಜು ಇನ್ನೂ ಇತ್ತು. ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದ. ಅರ್ಧ ದಾರಿಯಲ್ಲಿ ಕೋಟೆಗೋಡೆಗೆ ಒರಗಿ, ತಂದಿದ್ದ ರಾಗಿ ಅಂಬಲಿ ಕುಡಿದ. ನೂರ ಏಳಕ್ಕೆ ಇಳಿದಿದ್ದಾನೆ. ಕೊರಳ ಚರ್ಮ ಜೋತಿದೆ.

"ಅಮ್ಮ ಮಾತು ಬಿಟ್ಟವ್ಳೆ ಕಣ್ಲಾ" ಎಂದ. "ನೆಲದ್ ಮೇಲೆ ನೆಟ್ಟಗೆ ನಡಿಯಕ್ಕಾಗಕಿಲ್ಲ, ಆಕಾಶಕ್ಕೆ ಹೊಂಟವ್ನೆ ಅಂತಾಳೆ. ಅವ್ಳಿಗೆ ಹೆಂಗ್ ಹೇಳ್ಲಿ? ಹದಿನೆಂಟನೇ ವಯಸ್ಸಿಂದ ಹೊತ್ಕಂಡೇ ಇವ್ನಿ. ಅಪ್ಪ ಹೋದಾಗ ಅವರ ಲೇತು, ತಂಗೀರ ಮದ್ವೆ, ಆಮೇಲೆ ಈ ನೂರಿಪ್ಪತ್ ಜನದ ಸಂಸಾರ. ಒಂದ್ ದಿನ ಕೆಳಗ್ ಇಳಿಸಿಲ್ಲ. ನಾಲ್ಕೇ ನಾಲ್ಕ್ ನಿಮಿಷ."

ಈಗ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ಪಿನ್ನು ಬದಲಿಸಲು ಇನ್ನೂ ಎರಡು ತಿಂಗಳಿದೆ. ಹೇಳಿದರೆ ಬ್ಯಾಚು ವಾಪಸು, ಗುತ್ತಿಗೆ ರದ್ದು, ನನ್ನ ಹೆಸರು. ನೂರಿಪ್ಪತ್ತು ಜನ ಎಂದು ಈಗ ತಾನೇ ಅವನೇ ಅಂದ. ಅಷ್ಟು ಜನರನ್ನು ಬೀದಿಗೆ ಹಾಕುವ ಮಾತನ್ನು ಬೆಟ್ಟದ ನಡುವೆ ದಣಿದು ಕೂತವನಿಗೆ ಹೇಳುವುದು ಸರಿಯಲ್ಲ ಅನ್ನಿಸಿತು.

"ಏನೋ ಹೇಳಕ್ ಬಂದಂಗಿತ್ತು?" ಎಂದ.

"ಇಳಿಯುವಾಗ ನಿಧಾನ. ಮಂಡಿಗೆ ಏಟು ಬೀಳುವುದು ಹತ್ತುವಾಗ ಅಲ್ಲ."

ಮೇಲಕ್ಕೆ ಹೋಗಲಿಲ್ಲ. ಅಲ್ಲಿಂದಲೇ ಇಳಿದೆವು.

ಜನವರಿ 12, ಸೋಮವಾರ

ಒಂದು ದಾರಿ ಇದೆ. ಉಳಿದ ಎರಡು ಮಾದರಿಗಳಲ್ಲಿ ಒಂದನ್ನು ಹಿಂದಿನ ಕೋಣೆಯ ಹಳೆಯ ಫ್ರೇಮಿನಲ್ಲಿ ಬಿಗಿದು, ಸನ್ನೆಗೋಲಿಗೆ ಭಾರ ತೂಗಿಸಿದೆ. ಇನ್ನೂರು ಗಂಟೆ ನಿಂತರೆ ಒಳಗೆ ಹೈಡ್ರೋಜನ್ ಇಲ್ಲವೆಂದು ಅರ್ಥ. ಈ ಪರೀಕ್ಷೆ ಪುಸ್ತಕದಲ್ಲೇ ಇದೆ. ಮುರಿದರೆ ಅವತ್ತೇ ಅಂಬರೀಶನಿಗೆ ಹೇಳುವುದು. ಇದು ನನಗೆ ನಾನೇ ಕೊಟ್ಟ ಮಾತು. ಪಿನ್ನು ಮುರಿದರೆ ಫ್ರೇಮಿಗೆ ಸೇರಿಸಿದ ಗಡಿಯಾರ ನಿಲ್ಲುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಶುರು.

ಜನವರಿ 15, ಗುರುವಾರ

ಪೊಂಗಲ್. ಹೋಗಿ ನೋಡಿ ಬಂದೆ. ವಾಚ್‌ಮನ್ ಒಬ್ಬನೇ ಇದ್ದ. ರಜಾ ದಿನ ಏನು ಸಾರ್ ಎಂದ. ಪಿನ್ನು ನಿಂತಿದೆ. ಎಪ್ಪತ್ತಾರು ಗಂಟೆ.

ಜನವರಿ 20, ಮಂಗಳವಾರ

ಸಂಜೆ ಐದಕ್ಕೆ ಇನ್ನೂರು. ನಿಂತಿದೆ. ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಹೆಂಡತಿ ಹಂಸಾ ತುಪ್ಪ ಹಾಕಿದಳು. ಇಷ್ಟು ದಿನ ಸುಮ್ಮನೆ ಹೆದರಿದ್ದೆ. ಭಾರ ಇಳಿಸುವುದನ್ನು ಮರೆತು ಬಂದೆ. ನಾಳೆ ಇಳಿಸಿದರಾಯಿತು.

ಜನವರಿ 24, ಶನಿವಾರ

ಮೇಘಶ್ರೀ ಬಂದು ಬಾಗಿಲಲ್ಲಿ ನಿಂತಳು. ಎರಡು ಅಂಗೈಯಲ್ಲಿ ಎರಡು ತುಂಡು.

"ಹಿಂದಿನ ರೂಮಲ್ಲಿ ಬಿದ್ದಿತ್ತು ಸಾರ್."

ಗಡಿಯಾರ ಇನ್ನೂರ ಎಪ್ಪತ್ತೊಂದು ಗಂಟೆಗೆ ನಿಂತಿದೆ. ಅಂದರೆ ನಿನ್ನೆ ಸಂಜೆ ನಾಲ್ಕು. ಆ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಟಣ್ ಎಂದದ್ದು ಕೇಳಿಸಿತ್ತು. ಯಾರೋ ಸ್ಪ್ಯಾನರ್ ಬೀಳಿಸಿದರು ಅಂದುಕೊಂಡಿದ್ದೆ.

"ಪರೀಕ್ಷೆ ಮಂಗಳವಾರವೇ ಮುಗಿದಿತ್ತು" ಎಂದೆ. "ಇನ್ನೂರು ಗಂಟೆಗೆ ಪಾಸು."

"ಸಾರ್, ಇದು ಹದಿನೇಳನೇ ಬ್ಯಾಚು. ಪೂಜೆ ಬ್ಯಾಚು." ತುಂಡಿನ ತಲೆಯ ಮೇಲಿನ ಅಂಕಿಯನ್ನು ತೋರಿಸಿದಳು. "ಓನರ್ ಸಾರ್ ಕೂರೋದು ಇದ್ರಲ್ಲೇ. ಹೇಳ್ಬೇಕಲ್ವಾ?"

"ನಾನು ಹೇಳ್ತೀನಿ."

"ಇವತ್ತೇ ಹೇಳ್ತೀರಲ್ಲ ಸಾರ್?"

"ಹೇಳ್ತೀನಿ ಅಂದೆನಲ್ಲಮ್ಮ."

"ನೀವಿದೀರ ಅಂತಾನೇ ಸಾರ್ ಇಷ್ಟ್ ದಿನ ನಾನು ಸುಮ್ನಿದ್ದಿದ್ದು" ಎಂದು ತುಂಡುಗಳನ್ನು ಮೇಜಿನ ಮೇಲಿಟ್ಟು ಹೋದಳು. ಮಾತಿನ ಕೊನೆಯಲ್ಲಿ ಏನೋ ಮೊನಚಿತ್ತು. ಇಷ್ಟು ಮಾತಾಡಬಲ್ಲವಳು ಅವತ್ತು ಒತ್ತಿ ಹೇಳಿದ್ದರೆ ಯಾರು ಬೇಡವೆನ್ನುತ್ತಿದ್ದರು?

ಇನ್ನೂರ ಎಪ್ಪತ್ತೊಂದು ಗಂಟೆ ಎಲ್ಲಿ, ಹನ್ನೊಂದು ನಿಮಿಷ ಎಲ್ಲಿ. ಪಿನ್ನು ಹಾರಾಟದಲ್ಲಿ ಮಾತ್ರ ಭಾರ ಹೊರುತ್ತದೆ. ಆದರೆ ಬಿಗಿದ ದಿನದಿಂದಲೇ ಬಿಗಿತದ ಭಾರ ಹೊರುತ್ತಿರುತ್ತದೆ ಎಂಬುದನ್ನೂ ಬರೆದಿಡಬೇಕು, ಬರೆದಿದ್ದೇನೆ.

ಜನವರಿ 28, ಬುಧವಾರ

ಮೇಘಶ್ರೀ ಕೇಳಿದಳು. ಅಂಬರೀಶನಿಗೆ ಹೇಳಿದ್ದೇನೆ, ಕಂಪನಿಯವರು ಪಿನ್ನು ಬದಲಿಸುತ್ತಾರೆ ಎಂದೆ. ನಿಟ್ಟುಸಿರು ಬಿಟ್ಟಳು. ಅವಳ ಮುಖದಲ್ಲಿ ಬಣ್ಣ ಬಂತು. ಒಬ್ಬರಿಗಾದರೂ ನೆಮ್ಮದಿ.

ಫೆಬ್ರವರಿ 9, ಸೋಮವಾರ

ಅಂಬರೀಶ ಹೊರಟ. ತೊಂಬತ್ತೊಂಬತ್ತೂವರೆ ಕಿಲೋ. ಕಾರಿನ ಹತ್ತಿರ ಗಂಗರತ್ನಮ್ಮ ನಿಂಬೆಹಣ್ಣು ಇಳಿ ತೆಗೆದರು. ಮಗನೊಡನೆ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಒಣಗಿದ ಎಲೆಯಂತಿತ್ತು.

"ನೀನು ಓದ್ದೋನು. ನೀ ಸರಿ ಅಂದ್ರೆ ಸರಿ ಕಣಪ್ಪಾ. ಏನೂ ಆಗಕಿಲ್ಲ ಅಲ್ವಾ?"

"ಏನೂ ಆಗುವುದಿಲ್ಲಮ್ಮ."

ಹಂಸಾ ಹೊಸದೊಂದು ಮಾತು ಹೇಳಿದಳು: "ರೀ, ನೀವು ಈಚೆಗೆ ಬಾಗಿಲು ಹಾಕಿ ಹೊರಟ ಮೇಲೆ ವಾಪಸು ಬಂದು ಗ್ಯಾಸ್ ನೋಡೋದು ಬಿಟ್ಟಿದೀರಿ." ಇಪ್ಪತ್ತಾರು ವರ್ಷ ಈ ಅಭ್ಯಾಸಕ್ಕೆ ಅವಳು ಬೈದಿದ್ದಾಳೆ. ಸಂತೋಷವಲ್ಲವೇ ಎಂದೆ. "ಗೊತ್ತಿಲ್ಲ" ಎಂದಳು. "ನಾನು ಹೋಗಿ ನೋಡ್ಕೊಂಡು ಬರ್ತೀನಿ, ಈಗ."

ಫೆಬ್ರವರಿ 21, ಶನಿವಾರ

ಸಂಜೆ ಏಳಕ್ಕೆ ಕ್ಯಾಂಟೀನಿನಲ್ಲಿ ದೊಡ್ಡ ಪರದೆ. ಎಲ್ಲರೂ ಸಂಸಾರ ಸಮೇತ ಬಂದಿದ್ದರು. ಗಂಗರತ್ನಮ್ಮ ಮುಂದಿನ ಕುರ್ಚಿಯಲ್ಲಿ. ಮೇಘಶ್ರೀ ನನ್ನ ಪಕ್ಕ.

ಮರುಭೂಮಿಯಂಥ ಬಯಲು. ಬೆಂಕಿ ಕಂಡ ಮೇಲೆ ಸದ್ದು. ಒಂದು ನಿಮಿಷದ ಮೇಲೆ ಎಂಜಿನ್ ನಿಂತಿತು ಎಂದರು. ಕ್ಯಾಬಿನ್ನಿನ ಒಳಗಿನ ಚಿತ್ರ ಬಂತು. ಪಟ್ಟಿ ಬಿಚ್ಚಿದ ಅಂಬರೀಶ ಸೀಟಿನಿಂದ ಮೇಲೆದ್ದ. ಏನನ್ನೂ ಹಿಡಿದುಕೊಳ್ಳದೆ ಎದ್ದ. ಮಂಡಿಗಳನ್ನು ಮಡಚಿದ, ಚಾಚಿದ, ಮತ್ತೆ ಮಡಚಿದ. ಅವನ ಕಣ್ಣಿನಿಂದ ಹೊರಬಂದ ನೀರು ಕೆಳಗೆ ಇಳಿಯದೆ ಅಲ್ಲೇ ಗುಂಡಗೆ ನಿಂತಿತ್ತು.

"ಅಳ್ತಾವ್ನಾ?" ಎಂದರು ಗಂಗರತ್ನಮ್ಮ.

ನಾನು ಅವನ ಮುಖ ನೋಡುತ್ತಿರಲಿಲ್ಲ. ಸೀಟಿನ ಬುಡ ನೋಡುತ್ತಿದ್ದೆ. ಅದು ಕಾಣುವುದಿಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದೆ.

ಸೀಟಿಗೆ ಮರಳಿ ಎಂಬ ಘೋಷಣೆ. ಪಟ್ಟಿ ಬಿಗಿದುಕೊಂಡರು. ಭಾರ ಬಂತು. ಅಂಬರೀಶನ ಕೆನ್ನೆ ಕಿವಿಯ ಕಡೆಗೆ ಜಾರಿತು. ಚಿತ್ರ ಅಲುಗಾಡಿ ಕಡಿಯಿತು. ಖಾಲಿ ಪರದೆಯ ಮುಂದೆ ಇನ್ನೂರು ಜನ. ನಾನು ಎಣಿಸಿದೆ: ನಲವತ್ತೊಂದು ಸೆಕೆಂಡು. ಆಮೇಲೆ ಮೂರು ಪ್ಯಾರಾಚೂಟು, ಧೂಳು, ಬಾಗಿಲು, ಅಂಬರೀಶ.

ವೆಂಕಿ ವಿಷಲ್ ಹೊಡೆದ. ಮೇಘಶ್ರೀ ಅತ್ತಳು. "ಬದಲಾಯ್ಸಿದ್ದು ಒಳ್ಳೇದಾಯ್ತು ಸಾರ್" ಎಂದು ನನ್ನ ಕಿವಿಯ ಹತ್ತಿರ ಹೇಳಿದಳು.

ನಿಂತಿತು. ನಾನು ಸಹಿ ಹಾಕಿದ್ದು ನಿಂತಿತು.

ಮಾರ್ಚ್ 2, ಸೋಮವಾರ

ಅಂಬರೀಶ ಬಂದ. ಮೈಸೂರು ಪಾಕು, ಹಾರ, ಭಾಷಣ. ಆ ಕಂಪನಿಯವರು ಅವನಿಗೊಂದು ಕಾಣಿಕೆ ಕೊಟ್ಟಿದ್ದಾರೆ: ಅವನ ಸೀಟಿನ ನಾಲ್ಕು ಪಿನ್ನುಗಳಲ್ಲಿ ಎರಡನ್ನು ತೆಗೆದು, ಅಲ್ಲಿಗೆ ಅದೇ ಬ್ಯಾಚಿನ ಬೇರೆ ಎರಡು ಹಾಕಿ, ತೆಗೆದವನ್ನು ಗಾಜಿನ ಮುಚ್ಚಳದ ಮರದ ಪೆಟ್ಟಿಗೆಯಲ್ಲಿಟ್ಟು. "ಮುಂದಿನ ಹಾರಾಟ ಹದಿನಾಲ್ಕಕ್ಕೆ. ಇದ್ನ ಬಾಗ್ಲಲ್ಲಿ ಇಡ್ಸು ರಘು. ಬಂದೋರ್ ಎಲ್ಲಾ ನೋಡ್ಲಿ."

ನನ್ನ ಕೋಣೆಯಲ್ಲಿ ಪೆಟ್ಟಿಗೆ ತೆರೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಒಂದು ಸರಿಯಿದೆ. ಇನ್ನೊಂದರ ಕೊರಳಿನಲ್ಲಿ ಒಂದು ಗೆರೆ. ನೂಲಿಗಿಂತ ಸಣ್ಣದು, ಬೆಳಕನ್ನು ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಅರ್ಧ ಸುತ್ತು ಹೋಗಿದೆ. ಉಳಿದ ಅರ್ಧದ ಮೇಲೆ ಅಂಬರೀಶ ಕೂತು ಬಂದಿದ್ದಾನೆ.

ಮುಚ್ಚಳ ಹಾಕಿದೆ. ಊಟದ ಗಂಟೆ ಆಗಿತ್ತು.

ಮಾರ್ಚ್ 3, ಮಂಗಳವಾರ

ಹತ್ತೂವರೆಗೆ ಅಂಬರೀಶ ಕರೆಸಿದ. ಮೇಘಶ್ರೀ ಅಲ್ಲಿ ನಿಂತಿದ್ದಳು. ಮೇಜಿನ ಮೇಲೆ ಪೆಟ್ಟಿಗೆ. ಬೆಳಿಗ್ಗೆ ಒರೆಸಲು ತೆಗೆದಾಗ ಬ್ಯಾಚಿನ ಅಂಕಿ ನೋಡಿದಳಂತೆ, ಲೆನ್ಸ್ ಹಿಡಿದಳಂತೆ. ನನ್ನ ಬಳಿ ಬರದೆ ನೇರ ಇಲ್ಲಿಗೆ ಬಂದಿದ್ದಾಳೆ.

"ರಘು, ಈ ಹುಡ್ಗಿ ಏನೇನೋ ಹೇಳ್ತಾವ್ಳೆ. ಪೂಜೆ ದಿನ ಬೇಕಿಂಗ್ ಆಗ್ಲೇ ಇಲ್ವಂತೆ. ಕೇಳಿದ್ಕೆ ನೀನೇ ಬ್ಯಾಡ ಅಂದ್ಯಂತೆ."

"ನನ್ನನ್ನು ಯಾರೂ ಕೇಳಲಿಲ್ಲ" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಸಾರ್! ಎರಡ್ ಸಲ ಕೇಳಿದ್ನಲ್ಲ ಸಾರ್!"

ಹೀಗೆ ಹೇಳುತ್ತಾಳೆಂದು ಅಂದುಕೊಂಡಿರಲಿಲ್ಲ. ಚಾರ್ಟು ತರಿಸಿದೆ. ಬರಹ ಯಾರದೆಂದು ಅಂಬರೀಶ ಕೇಳಿದ. ನನ್ನದೇ, ಆದರೆ ಸಾರೇ ಹೇಳಿದ್ದು, ಎಂದಳು. ಬರಹ ಅವಳದು, ಅಷ್ಟು ಮಾತ್ರ ಕಾಗದದ ಮೇಲಿದೆ.

ಅಂಬರೀಶ ಪಿನ್ನನ್ನು ನನ್ನ ಮುಂದೆ ಚಾಚಿದ. "ನೀನ್ ನೋಡಿ ಹೇಳ್ಲಾ. ಮೂವತ್ ವರ್ಷ ನಿನ್ ಕಣ್ಣು ನಂಬಿವ್ನಿ. ಒಡ್ದದಾ?"

ಕಿಟಕಿಯ ಹತ್ತಿರ ಹೋಗಿ ನೋಡಿದೆ. ಗೆರೆ ಅಲ್ಲೇ ಇತ್ತು.

"ಪಾಲಿಶ್ ಮಾಡುವಾಗ ಆದ ಗೀರು" ಎಂದೆ.

ಅವನು ಕುರ್ಚಿಗೆ ಒರಗಿ, ಎರಡೂ ಅಂಗೈಯಿಂದ ಮಂಡಿ ಉಜ್ಜಿಕೊಂಡ. ಬೇರೆ ಉತ್ತರ ಅವನಿಗೂ ಬೇಕಿರಲಿಲ್ಲ.

"ಸಾರ್, ಹದಿನಾಲ್ಕಕ್ಕೆ ಇನ್ನೂ ಆರ್ ಜನ ಕೂತ್ಕೋತಾರೆ" ಎಂದಳು ಅವಳು.

"ನಾನೇ ಕೂತ್ ಬಂದಿವ್ನಲ್ಲಮ್ಮ! ಅದ್ಕಿಂತ ದೊಡ್ ಟೆಸ್ಟಿಂಗ್ ಯಾವುದಮ್ಮ?"

ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಹೋಗುವಾಗ ನನ್ನ ಮುಂದೆ ನಿಂತು, ಬಹಳ ಮೆಲ್ಲಗೆ, ಏನೋ ಪರೀಕ್ಷಿಸುವವಳಂತೆ ಕೇಳಿದಳು: "ಸಾರ್, ನಿಮ್ಗೆ ನಿಜ್ವಾಗ್ಲೂ ನೆನಪಿಲ್ವಾ?"

ನೆನಪಿದೆ. ಗಂಗರತ್ನಮ್ಮ ಕಾಯಿ ಹಿಡಿದು ನಿಂತಿದ್ದರು. ಮೇಘಶ್ರೀ ಟ್ರೇಯನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋದಳು. ಅವಳು ಕೇಳಬೇಕಿತ್ತು.

ಮಾರ್ಚ್ 13, ಶುಕ್ರವಾರ

ಒಳ್ಳೆಯ ಬಿಸಿಲು. ನಾಳೆ ಎರಡನೇ ಶನಿವಾರ, ರಜೆ. ಹಂಸಾ ಚಂದ್ರಚೂಡೇಶ್ವರನ ಬೆಟ್ಟಕ್ಕೆ ಹೋಗೋಣ ಎಂದಿದ್ದಾಳೆ.

ಮಧ್ಯಾಹ್ನ ಆ ಕಂಪನಿಯಿಂದ ಪತ್ರ. ನಿಮ್ಮಲ್ಲಿ ಹಿಂದೆ ಕೆಲಸಕ್ಕಿದ್ದವರೊಬ್ಬರು ಹದಿನೇಳನೇ ಬ್ಯಾಚಿನ ಬೇಕಿಂಗ್ ಬಗ್ಗೆ ಬರೆದಿದ್ದಾರೆ. ಸಂಶಯವಿದ್ದರೆ ನಾಳೆಯ ಹಾರಾಟ ನಿಲ್ಲಿಸುತ್ತೇವೆ. ಇಲ್ಲವೆಂದು ನೀವು ಖಚಿತಪಡಿಸಿದರೆ ಸಾಕು. ಜೊತೆಗೆ ಚಾರ್ಟಿನ ಪ್ರತಿ ಕಳಿಸಬೇಕು, ಆರು ಸೀಟುಗಳ ಭಾರದ ಪಟ್ಟಿಯನ್ನು ನೋಡಿ ಒಪ್ಪಿಗೆ ಕೊಡಬೇಕು.

ಪಟ್ಟಿ ತೆರೆದೆ. ಹೆಸರು, ವಯಸ್ಸು, ತೂಕ. ನಾನು ತೂಕಗಳನ್ನು ಓದಿ, ಕೂಡಿಸಿ, ಇನ್ನೊಮ್ಮೆ ಕೂಡಿಸುವ ಅಗತ್ಯ ಕಾಣದೆ, ಸಹಿ ಹಾಕಿ ಕಳಿಸಿದೆ.